ರಸ್ತೆ ದಾಟಲು ಬಾರದ ಮೇಷ್ಟ್ರು

ನಮ್ಮ ಡ್ರಾಯಿಂಗ್ ಮೇಷ್ಟ್ರು ತೀರಿಕೊಂಡರೆಂದು ಅರಸೀಕೆರೆಯಿಂದ ಕಾಗದ ಬಂದಾಗ ನಾನು ಓದಿದವಳೇ ನಕ್ಕುಬಿಟ್ಟೆ. ನಮ್ಮ ಮನೆಯವರು ಕೈಯಲ್ಲಿದ್ದ ಪೇಪರು ಕೆಳಗಿಟ್ಟು, "ಏನೇ ಇದು, ಸಾವಿನ ಕಾಗದ ಓದಿ ನಗ್ತೀಯಲ್ಲ, ಬುದ್ಧಿ ನೆಟ್ಟಗಿದೆಯಾ?" ಎಂದರು. ಬುದ್ಧಿ ನೆಟ್ಟಗೇ ಇತ್ತು. ಮೇಷ್ಟ್ರ ಮಗ ಬರೆದಿದ್ದ: "ವಯಸ್ಸು ಎಂಬತ್ತರ ಹತ್ತಿರ ಆಗಿತ್ತು, ಮಲಗಿದ್ದ ಹಾಗೇ ಹೋದರು. ಹಿಂದಿನ ದಿನ ಸಂಜೆ ಕೂಡ ಪಕ್ಕದ ಮನೆಯ ಮಗುವಿನ ಕೈ ಹಿಡಿದುಕೊಂಡು ರಸ್ತೆ ದಾಟಿ ಬಂದರು." ಈ ಕೊನೆಯ ಸಾಲು ಓದಿ ನಗದೆ ಇರಬೇಕಾದರೆ ಅವರನ್ನು ಕಂಡೇ ಇರಬಾರದು. ನಾನು ಕಂಡವಳು. ಕಂಡವಳು ಮಾತ್ರವಲ್ಲ, ಅವರನ್ನು ನೂರು ಸಲ ರಸ್ತೆ ದಾಟಿಸಿದವಳು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸಿಟ್ಟು ಬಂದೀತು. ಬೇಲೂರಿನಲ್ಲೂ ನಮ್ಮ ಹಳೇಬೀಡಿನಲ್ಲೂ ಶಿಲ್ಪಿಗಳು ಮೂರ್ತಿಗಳ ಕೆಳಗೆ ತಮ್ಮ ಹೆಸರು ಕೆತ್ತಿಕೊಂಡಿದ್ದಾರಲ್ಲ, ಅದನ್ನು ನಮಗೆ ತೋರಿಸಿ, "ಇಂಥ ಕೆಲಸ ಮಾಡಿದೋರು ಹೆಸರು ಹಾಕ್ಕೋಬೇಕು ಕಣ್ರೋ. ನಾನು ಬರೆಯೋ ಬದನೇಕಾಯಿಗೆ ಹೆಸರು ಯಾಕೆ? ಬದನೇಕಾಯಿ ಅಂತ ಗೊತ್ತಾದ್ರೆ ಸಾಕು" ಎನ್ನುತ್ತಿದ್ದರು. ಮಿಡ್ಲ್ ಸ್ಕೂಲಿನ ಡ್ರಾಯಿಂಗ್ ಎಂದರೆ ಆಗ ಬದನೇಕಾಯಿ, ಮಾವಿನಹಣ್ಣು, ಬಿಂದಿಗೆ, ಮುಗಿಯಿತು.

ಕರಿ ಕೋಟು, ಕಚ್ಚೆಪಂಚೆ, ಕಂಕುಳಲ್ಲಿ ಕೊಡೆ. ಕೋಟಿನ ಜೇಬಿನಲ್ಲಿ ಬಳಪದ ಪುಡಿ, ತುಂಡು ಪೆನ್ಸಿಲುಗಳು, ನಶ್ಯದ ಡಬ್ಬಿ ಮೂರೂ ಕಲೆತುಹೋಗಿ, ಬಳಪವೆಂದು ನಶ್ಯ ತೆಗೆದು ಬೋರ್ಡಿಗೆ ಒರೆಸಿದ್ದೂ ಉಂಟು. ಸೋಮವಾರ ಬೆಳಿಗ್ಗೆ ಅರಸೀಕೆರೆ ಬಸ್ಸಿನಲ್ಲಿ ಬರುವರು, ಶನಿವಾರ ಮಧ್ಯಾಹ್ನ ಅದರಲ್ಲೇ ಹೋಗುವರು. ನಡುವಿನ ಐದು ರಾತ್ರಿಗೆ ದೇವಸ್ಥಾನದ ಹತ್ತಿರ ಒಂದು ಕೋಣೆ ಮಾಡಿಕೊಂಡಿದ್ದರು. ಕಾಫಿ, ತಿಂಡಿ ನಮ್ಮಪ್ಪನ ಹೋಟೆಲಿನಲ್ಲಿ.

ಇಷ್ಟು ದೊಡ್ಡ ಮನುಷ್ಯರಿಗೆ ರಸ್ತೆ ದಾಟಲು ಬರುತ್ತಿರಲಿಲ್ಲ. ತಮಾಷೆಗೆ ಹೇಳುತ್ತಿಲ್ಲ, ನಿಜವಾಗಿಯೂ ಬರುತ್ತಿರಲಿಲ್ಲ. ಅವರು ಹುಟ್ಟಿ ಬೆಳೆದದ್ದು ಅರಸೀಕೆರೆಯಲ್ಲಿ ರೈಲ್ವೆ ಗೇಟಿಗೆ ಅಂಟಿಕೊಂಡಂತಿದ್ದ ಮನೆಯಲ್ಲಿ. ಗೇಟು ಬಿದ್ದರೆ ನಿಲ್ಲಬೇಕು, ಎದ್ದರೆ ಹೋಗಬೇಕು. "ಗೇಟಿಲ್ಲದ ರಸ್ತೇನ ದಾಟೋದು ಹ್ಯಾಗೆ ಸ್ವಾಮಿ? ಈಗ ಹೋಗು ಅಂತ ಹೇಳೋರು ಯಾರು?" ಎಂದು ನಮ್ಮಪ್ಪನನ್ನೇ ಕೇಳುತ್ತಿದ್ದರು. "ರಸ್ತೆ ಖಾಲಿ ಬಿದ್ದೈತಲ್ಲ ಸಾಮಿ, ಹೋಗಿ" ಎಂದರೆ, "ಖಾಲಿ ಇದೆ ಅಂತಾನೇ ಭಯ ಕಣಯ್ಯ, ಯಾವಾಗ ಬರುತ್ತೋ" ಎನ್ನುವರು.

ಅದಕ್ಕೇ ಅವರದೇ ಒಂದು ಪದ್ಧತಿ ಇತ್ತು. ರಸ್ತೆಯ ಅಂಚಿನಲ್ಲಿ ನಿಂತು ಮಡಿಸಿದ ಕೊಡೆಯನ್ನು ಗೇಟಿನ ಹಾಗೆ ಅಡ್ಡ ಹಿಡಿಯುವರು. ಬಲಕ್ಕೆ ನೋಡುವರು, ಎಡಕ್ಕೆ ನೋಡುವರು, ಆಮೇಲೆ ಮೇಲಕ್ಕೆ ನೋಡುವರು. ಮೇಲೇನಿದೆ? ಏನೂ ಇಲ್ಲ, ಸಿಗ್ನಲ್ ಕಂಬ ನೋಡಿದ ಅಭ್ಯಾಸ. ಆಮೇಲೆ ಹತ್ತಿರ ಯಾವ ಮಗುವಿದ್ದರೆ ಆ ಮಗುವಿನ ಕೈ ಹಿಡಿದು, ಗಟ್ಟಿಯಾಗಿ ಕಣ್ಣು ಮುಚ್ಚಿ, "ನಡಿ" ಎನ್ನುವರು. ಆಚೆ ಬದಿಗೆ ಹೋದ ಮೇಲೂ ಕಣ್ಣು ತೆರೆಯದೆ, "ದಡ ಸೇರಿದ್ವಾ?" ಎಂದು ಕೇಳುವರು. "ಸೇರಿದ್ವಿ ಮೇಷ್ಟ್ರೇ, ಕಣ್ಣು ಬಿಡಿ" ಎಂದು ನಾವು ಹೇಳಬೇಕು. ಹೇಳದಿದ್ದರೆ ಹಾಗೇ ನಿಂತಿರುವರು. ಒಂದು ಸಲ ಪೋಕರಿ ಹುಡುಗನೊಬ್ಬ ಹೇಳದೆ ಓಡಿಹೋಗಿ, ಮೇಷ್ಟ್ರು ಬೇಲಿಯ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತಿದ್ದನ್ನು ಕಂಡ ಅಜ್ಜಿಯೊಬ್ಬಳು ಜಪಕ್ಕೆ ನಿಂತಿದ್ದಾರೆಂದು ಕೈಮುಗಿದು ಹೋದಳಂತೆ.

ನಮ್ಮ ಶಾಲೆ ಬೇಲೂರು ರಸ್ತೆಗೆ ಮುಖ ಮಾಡಿಕೊಂಡಿತ್ತು, ರಸ್ತೆಯಾಚೆ ನಮ್ಮ ಹೋಟೆಲು. ಆಗ ಓಡಾಡುತ್ತಿದ್ದ ಮೋಟಾರುಗಳೇ ಕಡಿಮೆ. ನಾಲ್ಕು ಬಸ್ಸು, ಅರಸೀಕೆರೆ ಕಡೆಗೆ ತೆಂಗಿನಕಾಯಿ ಹೊರುವ ಲಾರಿಗಳು, ದೇವಸ್ಥಾನ ನೋಡಲು ಬರುವವರ ಕಾರುಗಳು. ಕಡಿಮೆ ಇದ್ದದ್ದೇ ಕಷ್ಟ. ಮಕ್ಕಳು ನೋಡುತ್ತಲೇ ಇರಲಿಲ್ಲ. ಒಂದು ದಿನ ಶಾಲೆ ಬಿಟ್ಟಾಗ ಲಾರಿಯೊಂದು ಬಂದು, ನನ್ನ ಕ್ಲಾಸಿನ ಹುಡುಗಿಯ ಬುತ್ತಿ ಡಬ್ಬಿ ಚಕ್ರಕ್ಕೆ ಸಿಕ್ಕಿ ಚಪ್ಪಟೆಯಾಯಿತು. ಹುಡುಗಿಗೆ ಒಂದು ತರಚು ಗಾಯವೂ ಆಗಲಿಲ್ಲ, ಶಿವ ದೊಡ್ಡವನು. ಮರುದಿನ ಮೇಷ್ಟ್ರು ಮೇಜಿನ ಮೇಲೆ ಬದನೇಕಾಯಿಯ ಬದಲು ಆ ಚಪ್ಪಟೆ ಡಬ್ಬಿ ಇಟ್ಟು, "ಇದನ್ನ ನೋಡಿ ಬರೀರಿ" ಎಂದರು. ಅವತ್ತು ಯಾರೂ ಕಿಸಕ್ಕೆನ್ನಲಿಲ್ಲ.

ಶಾಲೆಯ ಮುಂದೆ ಒಂದು ಬೋರ್ಡು ಬೇಕೆಂಬ ಹುಚ್ಚು ಅವರಿಗೆ ಹಿಡಿದದ್ದು ಆಗ. ಎಂಥ ಬೋರ್ಡು? ಅದನ್ನು ತಿಳಿಯಲು ಅವರು ಮಾಡಿದ ಉಪಾಯವನ್ನು ಮತ್ತೆ ಯಾರೂ ಮಾಡಿರಲಾರರು. ದೇವಸ್ಥಾನ ನೋಡಲು ಬಂದ ಪರದೇಶದವರು ಬಿಸಿಲಿಗೆ ಸೋತು ನಮ್ಮ ಹೋಟೆಲಿನ ಬೆಂಚಿನಲ್ಲಿ ಕೂರುತ್ತಿದ್ದರು. ಮೇಷ್ಟ್ರು ಕಾಫಿ ಲೋಟ ಹಿಡಿದು ಎದುರಿಗೆ ಹೋಗಿ ಕೂರುವರು. ಶಿಲಾಬಾಲಿಕೆಯ ಮಾತಿಲ್ಲ, ವಿಷ್ಣುವರ್ಧನನ ಮಾತಿಲ್ಲ. "ಸರ್, ಯುವರ್ ಕಂಟ್ರಿ, ಸ್ಕೂಲ್ ರೋಡ್, ವಾಟ್ ಪಿಕ್ಚರ್?" ಎಂದು ಒಂದು ನೋಟ್‌ಬುಕ್ಕು ಮುಂದಕ್ಕೆ ತಳ್ಳುವರು. ಅವರು ಮೊದಲು ಗಾಬರಿಯಾಗಿ, ಆಮೇಲೆ ಅರ್ಥವಾಗಿ, ಮಕ್ಕಳಂತೆ ಬಗ್ಗಿ ಕೂತು ಬರೆಯುವರು. ಗೈಡು ಹಲ್ಲು ಕಡಿಯುತ್ತಾ ನಿಂತಿರುವನು.

ಆ ನೋಟ್‌ಬುಕ್ಕನ್ನು ನಮಗೆಲ್ಲ ತೋರಿಸಿ ಪಾಠ ಮಾಡುತ್ತಿದ್ದರು. ಇಂಗ್ಲೆಂಡಿನವರೊಬ್ಬರು ಉರಿಯುವ ಪಂಜು ಬರೆದಿದ್ದರು. ವಿದ್ಯೆಯ ಜ್ಯೋತಿಯಂತೆ. "ಇದನ್ನ ನಮ್ಮೂರಲ್ಲಿ ಹಾಕಿದ್ರೆ ಸ್ಕೂಲಿಗೆ ಬೆಂಕಿ ಬಿದ್ದಿದೆ ಅಂತ ಕೊಡ ಹಿಡ್ಕೊಂಡು ಬರ್ತಾರೆ" ಎಂದರು ಮೇಷ್ಟ್ರು. ಅಮೆರಿಕದವರು ಹಳದಿ ಹಲಗೆ ಬರೆದು ಸ್ಕೂಲ್ ಎಂಬ ಅಕ್ಷರಗಳನ್ನಷ್ಟೇ ಬರೆದಿದ್ದರು. "ಓದು ಬಂದ ಡ್ರೈವರು ನಿಲ್ಲಿಸ್ತಾನೆ. ಓದು ಬಾರದೋನು?" ಜರ್ಮನಿಯ ಗಂಡ ಹೆಂಡತಿ ಓಡುತ್ತಿರುವ ಹುಡುಗ ಹುಡುಗಿಯನ್ನು ಬರೆದು, ಮುಂದೆ ಇರುವುದು ಹುಡುಗನೋ ಹುಡುಗಿಯೋ ಎಂದು ತಮ್ಮ ಭಾಷೆಯಲ್ಲಿ ಜಗಳಕ್ಕೇ ಬಿದ್ದರು, ನಮ್ಮಪ್ಪ ಇನ್ನೊಂದು ಕಾಫಿ ಕೊಟ್ಟು ಸಮಾಧಾನ ಮಾಡಬೇಕಾಯಿತು. ಜಪಾನಿನ ಹೆಂಗಸೊಬ್ಬಳು ಬೆನ್ನಿಗೆ ಚೀಲ ಹಾಕಿಕೊಂಡ ಎರಡು ಮಕ್ಕಳನ್ನು ಎಷ್ಟು ಅಂದವಾಗಿ ಬರೆದಿದ್ದಳೆಂದರೆ, ಮೇಷ್ಟ್ರು ಆ ಹಾಳೆಯ ಮೇಲೆ ಯಾರೂ ಬೆರಳಿಡಲು ಬಿಡುತ್ತಿರಲಿಲ್ಲ.

"ನೋಡ್ರೋ, ಮಕ್ಕಳು ಎಲ್ಲಾ ಕಡೆ ಇದಾರೆ. ಆದ್ರೆ ಒಂದೊಂದು ದೇಶ ತನ್ನ ಮಕ್ಕಳನ್ನ ಒಂದೊಂದು ಥರ ನೋಡುತ್ತೆ. ನಮ್ಮ ಮಕ್ಕಳು ಹ್ಯಾಗೆ ದಾಟ್ತಾರೆ ಅಂತ ನಾವೇ ಇನ್ನೂ ನೋಡಿಲ್ಲ" ಎಂದರು. ನೋಡಲು ಹೊರಟೇಬಿಟ್ಟರು. ಶಾಲೆಯ ಮುಂದಿನ ಮೋರಿಯ ಕಟ್ಟೆಯ ಮೇಲೆ ವಾರವಿಡೀ ಬೆಳಿಗ್ಗೆ ಸಂಜೆ ಕೊಡೆ ಬಿಚ್ಚಿ ಕೂತರು.

ಇಲ್ಲಿ ನನ್ನ ಕಥೆ ಹೇಳಬೇಕು. ನಾನಾಗ ಆರನೇ ಕ್ಲಾಸು. ನನ್ನ ತಮ್ಮ ಪುಟ್ಟನಿಗೆ ಒಂದೂವರೆ ವರ್ಷ. ಅಪ್ಪ ಒಲೆಯ ಮುಂದೆ, ಅವ್ವ ರುಬ್ಬುವ ಕಲ್ಲಿನ ಮುಂದೆ, ಕೂಸನ್ನು ನೋಡುವವರಾರು? ನಾನು. ಕಂಕುಳಲ್ಲಿ ಅವನನ್ನು ಎತ್ತಿಕೊಂಡೇ ಶಾಲೆಗೆ ಹೋಗುತ್ತಿದ್ದೆ. ಅವನು ನನ್ನ ಪಕ್ಕ ಕೂತು ಬಳಪ ತಿನ್ನುತ್ತಿದ್ದ, ಲೆಕ್ಕದ ಹೊತ್ತಿಗೆ ಸರಿಯಾಗಿ ಅಳುತ್ತಿದ್ದ. ಲೆಕ್ಕ ಕಂಡರೆ ನನಗೂ ಅಳು ಬರುತ್ತಿದ್ದುದರಿಂದ ನಾನು ಅವನನ್ನು ಬೈಯುತ್ತಿರಲಿಲ್ಲ.

ಆ ವರ್ಷ ಹೊಸ ಹೆಡ್‌ಮಾಸ್ತರು ಬಂದರು. ಒಳ್ಳೆಯವರೇ, ಆದರೆ ಶಿಸ್ತಿನವರು. ಪುಟ್ಟ ಅವರ ಹೊಸ ಹಾಜರಿ ಪುಸ್ತಕದ ಮೇಲೆ ಉಚ್ಚೆ ಹೊಯ್ದ ದಿನ ಅವರ ತಾಳ್ಮೆಯ ಕಟ್ಟೆಯೊಡೆಯಿತು. "ಇದು ಸ್ಕೂಲೋ ಬಾಣಂತಿ ಕೋಣೆಯೋ? ಬರೋ ತಿಂಗಳು ಇನ್ಸ್‌ಪೆಕ್ಟರು ಬರ್ತಾರೆ. ಅಷ್ಟರೊಳಗೆ ಈ ಕೂಸು ಇಲ್ಲಿರಕೂಡದು. ಕೂಸಿಲ್ಲದೆ ಬಾ, ಇಲ್ಲಾಂದ್ರೆ ಬರಬೇಡ" ಎಂದರು. ಮನೆಗೆ ಬಂದು ಹೇಳಿದರೆ ಅಪ್ಪ ವಿಭೂತಿಯ ಹಣೆ ಒರೆಸಿಕೊಂಡು, "ಹೋಗ್ಲಿ ಬಿಡು ಮಗಾ. ಹೆಣ್ಣುಡುಗಿ ಆರನೇ ಕ್ಲಾಸ್ ಗಂಟ ಓದಿದ್ದೇ ಹೆಚ್ಚಾತು. ಕಾಗದ ಬರ್ಯಾಕೆ ಬತ್ತೈತಲ್ಲ" ಎಂದ. ಅವ್ವ ರುಬ್ಬುತ್ತಲೇ ಇದ್ದಳು. ನಾನು ಹಿತ್ತಿಲಿಗೆ ಹೋಗಿ ಪುಟ್ಟನನ್ನು ಎದುರಿಗೆ ಕೂರಿಸಿಕೊಂಡು, "ನಿನ್ನಿಂದಲೇ ಕಣೋ ಮುಂಡೇದೇ" ಎಂದು ಬೈದೆ. ಅವನು ಚಪ್ಪಾಳೆ ತಟ್ಟಿದ. ಶಾಲೆ ಬಿಡುವುದೆಂದರೆ ನನಗೆ ಪ್ರಾಣ ಹೋದಂತೆ. ಅಕ್ಷರದ ಮೇಲೆ ನನಗಿದ್ದ ಆಸೆ ಉಂಡೆಬೆಲ್ಲದ ಮೇಲೂ ಇರಲಿಲ್ಲ.

ಮರುದಿನ ಇನ್ನೂ ಆಸೆ ಬಿಡದೆ, ಕೂಸನ್ನೆತ್ತಿಕೊಂಡೇ ಅಳುಮುಖದಲ್ಲಿ ಶಾಲೆಯ ಕಡೆಗೆ ರಸ್ತೆ ದಾಟುತ್ತಿದ್ದವಳನ್ನು ಮೋರಿಕಟ್ಟೆಯ ಮೇಲಿಂದ ಮೇಷ್ಟ್ರು ಕರೆದರು. "ಗಿರಿಜಾ, ಅಲ್ಲೇ ನಿಲ್ಲೇ. ಕೂಸನ್ನ ಇನ್ನೊಂಚೂರು ಮೇಲಕ್ಕೆ ಎತ್ತಿಕೋ. ಹಾಂ, ಬಲಕ್ಕೆ ನೋಡು." ಪೆನ್ಸಿಲು ಓಡಿತು. ನಾನು ಬಿಕ್ಕುತ್ತಾ ಎಲ್ಲ ಹೇಳಿಕೊಂಡೆ. ಅವರು ತಲೆ ಎತ್ತದೆ, "ಒಂದು ವಾರದಿಂದ ನೋಡ್ತಾ ಇದೀನಿ ಕಣೇ. ಒಬ್ಬ ಗಾಡಿ ಹಿಂದೆ ನೇತಾಡ್ತಾನೆ, ಒಬ್ಬಳು ನಡು ರಸ್ತೇಲಿ ಹುಣಸೇಹಣ್ಣು ಹೆಕ್ತಾಳೆ, ಒಬ್ಬ ಹಿಂದೆ ತಿರುಗಿಕೊಂಡು ನಡೀತಾನೆ. ಎರಡೂ ಕಡೆ ನೋಡಿ ದಾಟೋಳು ಈ ಸ್ಕೂಲಲ್ಲಿ ನೀನೊಬ್ಬಳೇ. ಯಾಕೆ ಗೊತ್ತಾ? ಕಂಕುಳಲ್ಲಿ ಕೂಸಿದೆ" ಎಂದರು. ನಶ್ಯ ಸೇದಿ, ಸೀನಿ, "ಮಾಲೇಕಲ್ಲು ತಿಮ್ಮಪ್ಪನಾಣೆ, ನಮ್ಮ ದೇಶದ ಬೋರ್ಡು ಸಿಕ್ಕಿತು" ಎಂದರು.

ನನಗೆ ಸಿಟ್ಟು ಬಂತು. "ಬೇರೆ ದೇಶದ ಹುಡುಗೀರೆಲ್ಲ ಕೈ ಬೀಸ್ಕೊಂಡು ಓಡ್ತಾರೆ, ಬೆನ್ನಿಗೆ ಪುಸ್ತಕದ ಚೀಲ ಹಾಕ್ಕೊಂಡವ್ರೆ. ನಂಗೆ ಮಾತ್ರ ಈ ಮೂಟೆ ಯಾಕೆ ಮೇಷ್ಟ್ರೇ? ಪುಸ್ತಕಾನೂ ಬರೀರಿ" ಎಂದೆ. "ಕೈ ಎಲ್ಲಿದೆಯೇ ಪುಸ್ತಕಕ್ಕೆ? ಕೂಸು ಇಳಿಯೋ ದಿನ ಬರಲಿ, ಅವತ್ತು ಬರೆದುಕೊಡ್ತೀನಿ" ಎಂದರು.

ಬೋರ್ಡು ಹಾಕಲು ಹೆಡ್‌ಮಾಸ್ತರು ಮೊದಲೇ ಒಪ್ಪಿದ್ದರು. ಇನ್ಸ್‌ಪೆಕ್ಟರಿಗೆ ಚೆನ್ನಾಗಿ ಕಾಣುತ್ತದೆಂದು ಅವರ ಲೆಕ್ಕ. ಏನು ಬರೆಯುತ್ತೀರಿ ಎಂದು ಕೇಳಿದ್ದಕ್ಕೆ ಮೇಷ್ಟ್ರು "ಶಾಲಾ ಮಕ್ಕಳು ಸಾರ್" ಎಂದಷ್ಟೇ ಹೇಳಿದ್ದರು. ಎರಡು ತಗಡು, ಬಸ್ಸಿನ ಮೇಲೆ ಊರ ಹೆಸರು ಬರೆಯುವವನಿಂದ ತಂದ ಹಳದಿ, ಕರಿ ಬಣ್ಣ. ಇನ್ಸ್‌ಪೆಕ್ಟರು ಬರುವ ದಿನ ಬೆಳಿಗ್ಗೆ ಶಾಲೆಯ ಆಚೆಗೊಂದು ಈಚೆಗೊಂದು ಕಂಬ ನಿಂತಿತ್ತು. ಹಳದಿಯ ಮೇಲೆ ಕರಿಯ ಹುಡುಗಿ, ಎರಡು ಜಡೆ, ಸೊಂಟ ಒಂದು ಪಕ್ಕಕ್ಕೆ ವಾಲಿದೆ, ಕಂಕುಳಲ್ಲಿ ದಪ್ಪ ಕೂಸು, ಕತ್ತು ಬಲಕ್ಕೆ ತಿರುಗಿದೆ. ಅದು ನಾನೇ ಎಂದು ಕುರುಡರಿಗೂ ಗೊತ್ತಾಗುವಂತಿತ್ತು. ಹೆಡ್‌ಮಾಸ್ತರು ನೋಡಿ ಬೆವರಿದರು. "ಏನ್ರೀ ಮೇಷ್ಟ್ರೇ ಇದು! ಯಾವುದನ್ನ ಮುಚ್ಚಿಡಬೇಕು ಅಂತಿದ್ನೋ ಅದನ್ನ ಕಂಬದ ಮೇಲೆ ಏರಿಸಿದ್ದೀರಲ್ರೀ! ತೆಗೆಸ್ರೀ ಮೊದಲು!" ಎಂದು ಕೂಗುವುದಕ್ಕೂ ಜೀಪು ಬರುವುದಕ್ಕೂ ಸರಿಹೋಯಿತು.

ಜೀಪು ಬೋರ್ಡಿನ ಹತ್ತಿರ ಬಂದು ಮೆಲ್ಲಗಾಯಿತು, ನಿಂತೇಬಿಟ್ಟಿತು. ಇನ್ಸ್‌ಪೆಕ್ಟರು ಇಳಿದರು. "ಯಾಕಯ್ಯ ಇಲ್ಲೇ ನಿಲ್ಲಿಸಿದೆ?" ಎಂದು ಡ್ರೈವರನ್ನು ಕೇಳಿದರು. ಅವನು ಗೆಂಡೆಹಳ್ಳಿ ಕಡೆಯವನಂತೆ. "ನಾನೇನ್ ನಿಲ್ಸಿಲ್ಲ ಸಾರ್. ಕೂಸ್ ಎತ್ಕಂಡು ನಿಂತವ್ಳಲ್ಲ, ಕಾಲು ತಾನಾಗೇ ಬ್ರೇಕ್ ಮ್ಯಾಕೆ ಹೋತು" ಎಂದ. ಇನ್ಸ್‌ಪೆಕ್ಟರು ಬೋರ್ಡನ್ನು ಬಹಳ ಹೊತ್ತು ನೋಡಿದರು. "ಇಂಥ ಹುಡುಗಿ ನಿಜವಾಗ್ಲೂ ಇದಾಳೇನ್ರಿ?" ಎಂದರು.

ನಾನು ಆಗ ಶಾಲೆಯ ಬೇಲಿಯ ಹಿಂದೆ ಪುಟ್ಟನ ಬಾಯಿ ಮುಚ್ಚಿ ಕೂತಿದ್ದೆ. ಒಳಗೆ ಬರುವ ಹಾಗಿಲ್ಲವಲ್ಲ. ಹೆಡ್‌ಮಾಸ್ತರು ಒಂದು ಗಳಿಗೆ ಮೇಷ್ಟ್ರ ಮುಖ ನೋಡಿದರು, ಒಂದು ಗಳಿಗೆ ಡ್ರೈವರನ ಮುಖ. ಆಮೇಲೆ ಎದೆಯುಬ್ಬಿಸಿ, "ಇದಾಳೆ ಸಾರ್! ನಮ್ಮ ಸ್ಕೂಲಿನ ವಿದ್ಯಾರ್ಥಿನೀನೇ. ತಮ್ಮನ್ನ ನೋಡ್ಕೊಂಡೇ ಓದ್ತಾಳೆ. ನಾವೇ ಪ್ರೋತ್ಸಾಹ ಕೊಟ್ಟಿದ್ದೀವಿ!" ಎಂದರು. ಪುಟ್ಟ ನನ್ನ ಕೈ ಕಚ್ಚಿದ. ನಾನು ಕಿರುಚಿದೆ. ಎಲ್ಲರೂ ತಿರುಗಿ ನೋಡಿದರು. "ಬಾರಮ್ಮ ಒಳಗೆ, ಅಲ್ಯಾಕೆ ಕೂತಿದ್ದೀಯ?" ಎಂದು ಹೆಡ್‌ಮಾಸ್ತರೇ ಕರೆದರು. ಅವತ್ತಿನಿಂದ ನನ್ನನ್ನು ಶಾಲೆಯಿಂದ ಕಳಿಸುವ ಮಾತು ಯಾರೂ ಆಡಲಿಲ್ಲ. ಕಂಬದ ಮೇಲಿದ್ದವಳನ್ನು ಕೆಳಗಿಂದ ಓಡಿಸುವುದು ಹೇಗೆ? ಅಪ್ಪನೂ ಬದಲಾದ. ಹೋಟೆಲಿಗೆ ಬಂದ ಡ್ರೈವರುಗಳು "ಬೋರ್ಡಿನ ಹುಡುಗಿ ಇದೇಯಾ?" ಎಂದು ಕೇಳಿದರೆ, "ಹೂಂ ಕಣಣ್ಣ, ನಮ್ ಹುಡುಗೀನೇ. ಓದ್ತಾವ್ಳೆ" ಎಂದು ದೋಸೆ ಮಗುಚುವುದನ್ನೂ ಮರೆತು ಹೇಳುತ್ತಿದ್ದ.

ವರ್ಷಗಳು ಹೋದವು. ನಾನು ಬೇಲೂರಿನ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗತೊಡಗಿದೆ. ಪುಟ್ಟ ಒಂದನೇ ಕ್ಲಾಸು ಸೇರಿದ. ಸೇರಿದ ವಾರವೇ ಅಳುತ್ತಾ ಮೇಷ್ಟ್ರ ಬಳಿ ಹೋಗಿ, "ನನ್ನ ಇಳಿಸಿ ಮೇಷ್ಟ್ರೇ, ಎಲ್ರೂ ನಗ್ತಾರೆ" ಎಂದು ಫಿರ್ಯಾದು ಕೊಟ್ಟ. ಮೇಷ್ಟ್ರು ಅದನ್ನು ಬಹಳ ಗಂಭೀರವಾಗಿ ತೆಗೆದುಕೊಂಡರು. ಆ ಭಾನುವಾರ ಅರಸೀಕೆರೆಗೂ ಹೋಗದೆ ಏಣಿ ಹತ್ತಿ ಎರಡೂ ಬೋರ್ಡು ಹೊಸದಾಗಿ ಬರೆದರು. ಈಗ ಪುಟ್ಟನ ಕಾಲು ನೆಲದ ಮೇಲೆ. ದೊಡ್ಡ ಹುಡುಗಿ ಚಿಕ್ಕ ಹುಡುಗನ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದಾಳೆ. ಅವಳ ಇನ್ನೊಂದು ಕೈಯಲ್ಲಿ ಪುಸ್ತಕ. "ನೋಡೇ, ಮಾತು ಉಳಿಸಿಕೊಂಡೆ" ಎಂದರು ಏಣಿಯ ಮೇಲಿಂದಲೇ. ನಾನು ಏಣಿ ಹಿಡಿದುಕೊಂಡೇ ಅತ್ತೆ.

ಇದಾದ ಮೇಲೆ ಎಷ್ಟು ದಿನವಾಗಿತ್ತೋ, ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದೆ. ಇಂಗ್ಲೆಂಡಿನ ವಯಸ್ಸಾದ ದಂಪತಿಗಳು ಹೋಟೆಲಿಗೆ ಬಂದರು. ಮೇಷ್ಟ್ರು ಅಭ್ಯಾಸದಂತೆ ನೋಟ್‌ಬುಕ್ಕು ತಳ್ಳಿದರು. ಪಂಜು ಬರೆಯುತ್ತಾರೆಂದು ನಾವೂ ಅಂದುಕೊಂಡಿದ್ದೆವು. ಆಯಮ್ಮ, ಹಳೆಯದು ಹೋಯಿತು, ಈಗ ಹೊಸದು ಬಂದಿದೆ ಎಂದು ಹೇಳಿ ಬರೆದುಕೊಟ್ಟಳು: ದೊಡ್ಡ ಹುಡುಗಿಯೊಬ್ಬಳು ಚಿಕ್ಕ ಹುಡುಗನ ಕೈ ಹಿಡಿದು ದಾಟಿಸುತ್ತಿದ್ದಾಳೆ.

ಮೇಷ್ಟ್ರ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. "ಇದು ನಮ್ಮ ಬೋರ್ಡು!" ಎಂದರು. ಹಿಂದೆ ಒಬ್ಬ ಇಂಗ್ಲೆಂಡಿನವನು ನಮ್ಮ ಬೋರ್ಡಿನ ಫೋಟೋ ತೆಗೆದುಕೊಂಡು ಹೋಗಿದ್ದ. "ನಮ್ಮದನ್ನೇ ನೋಡಿ ಮಾಡಿದಾರೆ ಕಣೇ!" "ಆ ಫೋಟೋ ತೆಗೆದಾಗ ಪುಟ್ಟ ಕಂಕುಳಲ್ಲಿದ್ದ ಮೇಷ್ಟ್ರೇ" ಎಂದೆ ನಾನು. "ಅದಕ್ಕೇನೀಗ? ಕೂಸು ಬೆಳೆಯೋದು ಅಲ್ಲೂ ಒಂದೇ, ಇಲ್ಲೂ ಒಂದೇ. ನಾವು ಇಳಿಸಿದ್ವಿ, ಅವರೂ ಇಳಿಸಿದಾರೆ!" ಎಂದವರೇ ನೋಟ್‌ಬುಕ್ಕು ಎತ್ತಿಕೊಂಡು ಶಾಲೆಯ ಕಡೆಗೆ ಓಡಿದರು. ಕೊಡೆ ಬೆಂಚಿನ ಮೇಲೇ ಉಳಿಯಿತು. ಬಲಕ್ಕಿಲ್ಲ, ಎಡಕ್ಕಿಲ್ಲ, ಮೇಲಕ್ಕಿಲ್ಲ. ಯಾರ ಕೈಯೂ ಹಿಡಿಯದೆ, ಕಣ್ಣು ತೆರೆದುಕೊಂಡು, ಪಂಚೆ ಎತ್ತಿ ಕಟ್ಟಿ ರಸ್ತೆ ದಾಟಿಬಿಟ್ಟರು! ಹುಲಿಕೆರೆಯಿಂದ ಬರುತ್ತಿದ್ದ ಎತ್ತಿನ ಗಾಡಿಯವನು ಹಗ್ಗ ಜಗ್ಗಿ, "ಅರೆ, ಮೇಷ್ಟ್ರು ಒಬ್ರೇ ಓಯ್ತಾವ್ರೆ!" ಎಂದು ಕೂಗಿದ. ಊರೆಲ್ಲ ಒಂದು ತಿಂಗಳು ಅದನ್ನೇ ಮಾತಾಡಿತು. ಆಚೆ ಹೋದ ಮೇಲೆ ಅವರಿಗೇ ಅರಿವಾಗಿ, ವಾಪಸು ಬರಲಾಗದೆ, ಶಾಲೆಯ ಗೇಟಿನಲ್ಲಿ ನಿಂತು ನನ್ನನ್ನು ಕರೆದರು. ನಾನೇ ಹೋಗಿ ಕೈ ಹಿಡಿದು ಕರೆತಂದೆ.

ಇಂಗ್ಲೆಂಡಿನವರು ನಮ್ಮನ್ನು ನೋಡಿ ಕಲಿತರೋ ಇಲ್ಲವೋ ನಾನು ಕಾಣೆ. ಖಂಡಿತ ಇಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮೇಷ್ಟ್ರಂತೂ ಸಾಯುವವರೆಗೂ ಬಿಡಲಿಲ್ಲ. ನಾನು ಟೀಚರಾದ ದಿನ ಬಂದು ಆಶೀರ್ವಾದ ಮಾಡಿದಾಗಲೂ ಅಲ್ಲಿದ್ದವರಿಗೆಲ್ಲ, "ಈ ಹುಡುಗಿ ಇಂಗ್ಲೆಂಡಿನ ರಸ್ತೆ ರಸ್ತೇಲೂ ಇದಾಳೆ" ಎಂದು ಪರಿಚಯ ಮಾಡಿಕೊಟ್ಟಿದ್ದರು.

ವೈಕುಂಠ ಸಮಾರಾಧನೆಯ ದಿನ ಅರಸೀಕೆರೆಗೆ ಹೋದೆ. ಊಟವಾದ ಮೇಲೆ ಮೇಷ್ಟ್ರ ಹೆಂಡತಿ ನನ್ನನ್ನು ಒಳಗೆ ಕರೆದು ಆ ಹಳೆಯ ನೋಟ್‌ಬುಕ್ಕು ಕೊಟ್ಟರು. "ಗಿರಿಜಾಗೆ ಕೊಡು ಅಂತ ಹೇಳಿಟ್ಟಿದ್ರಮ್ಮ" ಎಂದರು. ಪಂಜು, ಹಳದಿ ಹಲಗೆ, ಜರ್ಮನಿಯ ಜಗಳ, ಜಪಾನಿನ ಚೀಲದ ಮಕ್ಕಳು, ಎಲ್ಲ ಹಾಗೇ ಇದ್ದವು. ಇಂಗ್ಲೆಂಡಿನ ಎರಡನೇ ಹಾಳೆಯ ಕೆಳಗೆ "ನಮ್ಮಿಂದ" ಎಂದು ಬರೆದು ಎರಡು ಗೆರೆ ಎಳೆದಿದ್ದರು. ಜೋರಾಗಿ ನಕ್ಕೆ. ಅವರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಕೊನೆಯ ಹಾಳೆಯ ಚಿತ್ರವನ್ನು ನಾನು ಹಿಂದೆ ನೋಡಿರಲಿಲ್ಲ. ಗೆರೆ ನಡುಗಿದೆ, ಇತ್ತೀಚಿನದೇ ಇರಬೇಕು. ಸೀರೆಯುಟ್ಟ ಹೆಂಗಸೊಬ್ಬಳು ರಸ್ತೆ ದಾಟಿಸುತ್ತಿದ್ದಾಳೆ. ಒಂದು ಕೈಯಲ್ಲಿ ಪುಸ್ತಕ. ಇನ್ನೊಂದು ಕೈ ಹಿಡಿದಿರುವುದು ಚಿಕ್ಕ ಹುಡುಗನಲ್ಲ, ಕೊಡೆ ಹಿಡಿದ ಮುದುಕ. ಅವಳ ಕತ್ತು ಬಲಕ್ಕೆ ತಿರುಗಿದೆ. ಅವರು ಕಣ್ಣು ಮುಚ್ಚಿದ್ದಾರೆ. ಕೆಳಗೆ ಯಾವ ದೇಶದ ಹೆಸರೂ ಇಲ್ಲ, "ದಡ ಸೇರಿದ್ವಾ?" ಎಂದಷ್ಟೇ ಇದೆ.

ಮನೆ ತುಂಬ ನೆಂಟರಿದ್ದರು. ಇದ್ದರೆ ಇರಲಿ ಎಂದು ನಾನು ಗಟ್ಟಿಯಾಗಿಯೇ ಹೇಳಿದೆ: "ಸೇರಿದ್ವಿ ಮೇಷ್ಟ್ರೇ, ಕಣ್ಣು ಬಿಡಿ."